ಆಡುವವರು ಮತ್ತು ಆಡಿಸುವವರು

ಜಾತ್ರೆಯ ಕುಸ್ತಿಯಲ್ಲಿ ಗೆದ್ದ ಪೈಲ್ವಾನನ ಹೆಸರು ಊರಿಗೆಲ್ಲ ಗೊತ್ತು. ನಸುಕಿನಲ್ಲಿಯೇ ಎದ್ದು ಅಖಾಡದ ಮಣ್ಣನ್ನು ಅಗೆದು, ಕಲ್ಲು ಆರಿಸಿ, ಹದಮಾಡಿದವನು ಯಾರೆಂದು ಕೇಳುವವರಿಲ್ಲ. ಗಣಕಯಂತ್ರದ ಆಟಗಳ ವಿಷಯದಲ್ಲಿಯೂ ಇದೇ ನ್ಯಾಯ ನಡೆದುಬಂದಿದೆ. ಹತ್ತಾರು ಜನ ಒಂದೇ ವೇಳೆಗೆ ಕೂಡಿ ಆಡುವ ಆಟಗಳನ್ನು ಅಧ್ಯಾಪಕರು ಕಾಲಹರಣವೆನ್ನುತ್ತಾರೆ. ವಿದ್ಯಾರ್ಥಿಗಳಾದ ನಾವು ವಿನೋದವೆನ್ನುತ್ತೇವೆ. ಈ ವಾದದಲ್ಲಿ ಉಭಯ ಪಕ್ಷದವರೂ ಮರೆತ ಮೂರನೆಯವನೊಬ್ಬನಿದ್ದಾನೆ. ಅವನು ಆಡುವವನಲ್ಲ, ಆಡಿಸುವವನು; ಆಟದ ಸರ್ವರನ್ನು ನೋಡಿಕೊಳ್ಳುವವನು. ಅವನ ಕೆಲಸದಲ್ಲಿ ಒಂದು ಒಳ್ಳೆಯ ವಿದ್ಯೆ ಅಡಗಿದೆಯೆಂದೂ, ಆ ವಿದ್ಯೆ ಕಲಾವಿಭಾಗದವರಾದ ನಮಗೆ ವಿಶೇಷವಾಗಿ ತಕ್ಕದ್ದೆಂದೂ ಹೇಳುವುದು ಈ ಲೇಖನದ ಉದ್ದೇಶ.

ಮೊದಲು ಸರ್ವರ್ ಎಂದರೇನೆಂಬುದನ್ನು ನೋಡೋಣ. ಇಪ್ಪತ್ತು ಜನ ಇಪ್ಪತ್ತು ಕಡೆ ಕುಳಿತು ಒಂದೇ ಆಟವನ್ನು ಆಡುತ್ತಿರುವಾಗ, ಯಾರು ಎಲ್ಲಿ ನಿಂತಿದ್ದಾರೆ, ಯಾರು ಏನು ಕಟ್ಟಿದರು, ಯಾರು ಏನು ಕೆಡವಿದರು ಎಂಬ ಲೆಕ್ಕವನ್ನು ಎಲ್ಲರ ಪರವಾಗಿ ಒಂದು ಯಂತ್ರ ಇಡಬೇಕು. ಹಿಂದೆ ಹಳ್ಳಿಯ ಲೆಕ್ಕವನ್ನು ಶಾನುಭೋಗರು ಇಡುತ್ತಿದ್ದಂತೆ ಎನ್ನಬಹುದು. ಆ ಯಂತ್ರಕ್ಕೆ ಬಣ್ಣದ ಚಿತ್ರಗಳು ಬೇಕಿಲ್ಲ. ಅದನ್ನು ನಡೆಸುವವನ ಮುಂದೆ ಇರುವುದು ಕಪ್ಪು ಪರದೆ, ಅದರಲ್ಲಿ ಮಿನುಗುವ ಒಂದು ಗುರುತು. ಅಲ್ಲಿ ಬೆರಳಿನಿಂದ ತೋರಿಸಿದರೆ ನಡೆಯದು. ಬೇಕಾದುದನ್ನು ಅಕ್ಷರದಲ್ಲಿ ಬರೆದು ಆಜ್ಞಾಪಿಸಬೇಕು. ಇದಕ್ಕೆ ಕಮಾಂಡ್ ಲೈನ್ ಎಂದು ಹೆಸರು.

ಇದರ ಚರಿತ್ರೆ ಸ್ವಾರಸ್ಯವಾಗಿದೆ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ 'ಮಡ್' ಎಂಬ ಆಟವನ್ನು ಬರೆಯಲು ಆರಂಭಿಸಿದನು. ಅವನ ಜೊತೆಗಾರ ರಿಚರ್ಡ್ ಬಾರ್ಟಲ್ ಅದನ್ನು ಮುಂದುವರಿಸಿದನು. ಅನೇಕರು ಕೂಡಿ ಆಡುವ ಆ ಲೋಕದಲ್ಲಿ ಒಂದು ಚಿತ್ರವೂ ಇರಲಿಲ್ಲ. ಕಾಡು, ಗುಹೆ, ಕತ್ತಿ, ನಿಧಿ ಎಲ್ಲವೂ ಬರಿಯ ಮಾತಿನಲ್ಲಿ ವರ್ಣಿತವಾಗಿದ್ದವು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಲಿನಕ್ಸನ್ನು ಲೋಕಕ್ಕೆ ಕೊಟ್ಟಾಗ ಅವನಿಗೆ 21 ವರ್ಷ. ಹೆಚ್ಚುಕಡಿಮೆ ನಮ್ಮದೇ ವಯಸ್ಸು. ಅದೇ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾನಿಲಯದ ಜಾಲದಲ್ಲಿ ಯಾರೋ ಕಳ್ಳರು ಗುಪ್ತಪದಗಳನ್ನು ಕದ್ದ ಮೇಲೆ, 1995ರಲ್ಲಿ ತಾತು ಯೂಲೊನೆನ್ ಎಂಬವರು ದೂರದ ಯಂತ್ರದೊಡನೆ ಗುಟ್ಟಾಗಿ ಮಾತನಾಡುವ 'ಎಸ್‌ಎಸ್‌ಎಚ್' ಎಂಬ ಸಾಧನವನ್ನು ರಚಿಸಿದರು. ಈಗ ಲೋಕದಲ್ಲಿ ಅಸಂಖ್ಯ ಆಟದ ಸರ್ವರುಗಳು ಲಿನಕ್ಸಿನ ಮೇಲೆ ನಡೆಯುತ್ತವೆ. ಅವುಗಳ ಪಾಲಕರು ಎಸ್‌ಎಸ್‌ಎಚ್ ಎಂಬ ಬಾಗಿಲಿನಿಂದಲೇ ಒಳಗೆ ಹೋಗುತ್ತಾರೆ.

ಪಾಲಕನ ದಿನಚರಿಯನ್ನು ಕೇಳಿದರೆ ಅದು ಆಟದಂತೆ ತೋರುವುದಿಲ್ಲ. 2011ರಲ್ಲಿ ಸ್ವೀಡನ್ನಿನಿಂದ ಪೂರ್ಣರೂಪದಲ್ಲಿ ಹೊರಬಂದ 'ಮೈನ್‌ಕ್ರಾಫ್ಟ್' ಎಂಬ ಆಟವನ್ನೇ ತೆಗೆದುಕೊಳ್ಳೋಣ. ಅದರ ಸರ್ವರಿನ ಹೃದಯ ಸೆಕೆಂಡಿಗೆ 20 ಸಲ ಮಿಡಿಯುತ್ತದೆ. ಒಂದೊಂದು ಮಿಡಿತದ ಕೆಲಸವೂ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಲ್ಲಿ ಮುಗಿಯಬೇಕು. ಕೆಲಸ ಬಹಳವಾಗಿ ಹಿಂದೆ ಬಿದ್ದರೆ, ತನ್ನ ಕೈಲಿ ಸಾಗುತ್ತಿಲ್ಲವೆಂದು ಯಂತ್ರವೇ ತನ್ನ ದಿನಚರಿಯ ಕಡತದಲ್ಲಿ ಬರೆದುಕೊಳ್ಳುತ್ತದೆ. ಆ ಕಡತವನ್ನು 'ಲಾಗ್' ಎನ್ನುತ್ತಾರೆ. ಪಾಲಕನು ಅದನ್ನು ಓದಬೇಕು, ಕಾರಣವನ್ನು ಹುಡುಕಬೇಕು. 'ಲಿಸ್ಟ್' ಎಂದು ಬರೆದರೆ ಆಡುತ್ತಿರುವವರ ಪಟ್ಟಿ ಬರುತ್ತದೆ. 'ಸೇ' ಎಂಬುದರ ಮುಂದೆ ಬರೆದ ಮಾತು ಎಲ್ಲರ ಪರದೆಯ ಮೇಲೂ ಕಾಣುತ್ತದೆ. 'ಸ್ಟಾಪ್' ಎಂದರೆ ಲೋಕವನ್ನು ಜೋಪಾನವಾಗಿ ಬರೆದಿಟ್ಟು ಸರ್ವರ್ ನಿಲ್ಲುತ್ತದೆ. ಸಭ್ಯನಾದ ಪಾಲಕನು ಮೊದಲು 'ಸೇ', ಐದು ನಿಮಿಷದ ಮೇಲೆ 'ಸ್ಟಾಪ್' ಬರೆಯುತ್ತಾನೆ.

ಪ್ರತಿ ತೆಗೆದಿಡುವ ಕ್ರಮದಲ್ಲಂತೂ ಒಂದು ಶಿಸ್ತೇ ಇದೆ. ಗುಮಾಸ್ತನ ಕೈ ಲೆಕ್ಕದ ಪುಸ್ತಕದ ಮೇಲೆ ಓಡುತ್ತಿರುವಾಗಲೇ ಅದನ್ನು ನಕಲು ಮಾಡಿದರೆ ಅರ್ಧ ಹಳೆಯದು, ಅರ್ಧ ಹೊಸದು ಆದೀತು. ಆದುದರಿಂದ 'ಸೇವ್-ಆಫ್' ಎಂದು ಬರೆದು ಯಂತ್ರದ ತಾನೇತಾನಾಗಿ ಬರೆಯುವ ಕೈಯನ್ನು ತಡೆಯಬೇಕು. 'ಸೇವ್-ಆಲ್' ಎಂದು ಬರೆದು ನೆನಪಿನಲ್ಲಿರುವುದನ್ನೆಲ್ಲ ಪುಸ್ತಕಕ್ಕೆ ಇಳಿಸಬೇಕು. ಆಮೇಲೆ ನಕಲು ತೆಗೆದು, 'ಸೇವ್-ಆನ್' ಎಂದು ಬರೆದು ಕೈಯನ್ನು ಬಿಡಬೇಕು. ಈ ನಾಲ್ಕು ಹೆಜ್ಜೆಗಳಲ್ಲಿ ಒಂದನ್ನು ಹಿಂದುಮುಂದು ಮಾಡಿದರೂ ಹತ್ತು ಜನರ ಆರು ತಿಂಗಳ ಶ್ರಮ ಅಪಾಯಕ್ಕೆ ಸಿಕ್ಕುತ್ತದೆ. ಕಟ್ಟಿದವರಿಗೆ ಈ ಹೆಜ್ಜೆಗಳ ಸುಳಿವೂ ಇರುವುದಿಲ್ಲ.

"ಇದೆಲ್ಲ ಇಂಗ್ಲಿಷ್ ಬಲ್ಲವರ ಕೆಲಸ, ವಿಜ್ಞಾನ ಓದಿದವರ ಕೆಲಸ, ಕನ್ನಡ ಮಾಧ್ಯಮದಲ್ಲಿ ಓದಿದ ನಮಗೇಕೆ?" ಎಂದು ನನ್ನ ಸಹಪಾಠಿಗಳು ಕೇಳುವುದುಂಟು. ನನ್ನ ಮನೆಯಲ್ಲಿ ಪದವಿ ತರಗತಿಯ ಮೆಟ್ಟಲು ಹತ್ತಿದವನು ನಾನೇ ಮೊದಲಿಗನಾದುದರಿಂದ ಈ ಅಳುಕು ನನಗೆ ಅಪರಿಚಿತವಲ್ಲ. ಆದರೆ ಕಪ್ಪು ಪರದೆ ಕೇಳುವುದು ನಿರರ್ಗಳವಾದ ಇಂಗ್ಲಿಷನ್ನಲ್ಲ. ನಲವತ್ತು ಐವತ್ತು ಪದಗಳು ಸಾಕು. ಉಚ್ಚಾರಣೆಯನ್ನು ನೋಡಿ ನಗುವವರು ಅಲ್ಲಿಲ್ಲ. ಬಟ್ಟೆಯನ್ನು ನೋಡಿ ಅಳೆಯುವವರಿಲ್ಲ. ಅದು ಕೇಳುವುದು ಖಚಿತತೆಯನ್ನು. ಮೊದಲು ಕ್ರಿಯಾಪದ, ಆಮೇಲೆ ಕರ್ಮ, ನಡುವೆ ಒಂದೇ ಒಂದು ತೆರಪು. ವಿಭಕ್ತಿ ತಪ್ಪಿದರೆ ಅರ್ಥ ಕೆಡುತ್ತದೆಂದು ವ್ಯಾಕರಣದ ತರಗತಿಯಲ್ಲಿ ಕಲಿತವನಿಗೆ, ಒಂದು ತೆರಪು ತಪ್ಪಿದರೆ ಆಜ್ಞೆ ಕೆಡುತ್ತದೆಂಬುದು ಹೊಸ ಪಾಠವೇನೂ ಅಲ್ಲ. ಬರೆಯುವ ಮುನ್ನ ಎರಡು ಸಲ ಓದಬೇಕೆಂಬ ಹಳೆಯ ಬುದ್ಧಿವಾದ, ಅಳಿಸುವ ಆಜ್ಞೆಯನ್ನು ಕೈಯಲ್ಲಿ ಹಿಡಿದಾಗ ಮನಸ್ಸಿಗೆ ನಾಟುವಷ್ಟು ಬೇರೆಲ್ಲಿಯೂ ನಾಟದು.

ಭಾಷೆಯ ಮಾತು ಇಷ್ಟಾಯಿತು. ಇದಕ್ಕಿಂತ ದೊಡ್ಡದು ಅಧಿಕಾರದ ಮಾತು. ಪಾಲಕನಿಗೆ ತನ್ನ ಪುಟ್ಟ ಲೋಕದಲ್ಲಿ ಇರುವ ಅಧಿಕಾರ ಯಾವ ಚಕ್ರವರ್ತಿಗೂ ಇರಲಿಲ್ಲ. 'ಕಿಕ್' ಎಂದರೆ ಒಬ್ಬನನ್ನು ಹೊರಗೆ ಹಾಕಬಹುದು. 'ಬ್ಯಾನ್' ಎಂದರೆ ಮತ್ತೆ ಬಾರದಂತೆ ಬಹಿಷ್ಕರಿಸಬಹುದು. 'ಆಪ್' ಎಂದರೆ ತನ್ನ ಸ್ನೇಹಿತನನ್ನೂ ಅಧಿಕಾರಿಯನ್ನಾಗಿ ಮಾಡಬಹುದು. ಆದರೆ ಅದೇ ಪಟ್ಟಿಯಲ್ಲಿ 'ಡಿಆಪ್' ಎಂಬ ಆಜ್ಞೆ ಇದೆ. ಕೊಟ್ಟ ಅಧಿಕಾರವನ್ನು ಹಿಂದಕ್ಕೆ ಪಡೆಯುವುದು ಅದರ ಕೆಲಸ. ಬಹಿಷ್ಕಾರವನ್ನು ರದ್ದುಮಾಡುವ ಆಜ್ಞೆಗೆ 'ಪಾರ್ಡನ್', ಅಂದರೆ ಕ್ಷಮೆ, ಎಂದೇ ಹೆಸರಿಟ್ಟಿದ್ದಾರೆ. 'ಲುವಾಂಟಿ' ಎಂಬ ಮತ್ತೊಂದು ಆಟದಲ್ಲಿ ಅಧಿಕಾರಗಳನ್ನು ಬಿಡಿಬಿಡಿಯಾಗಿ ಹಂಚಬಹುದು. ಹೊಸಬನಿಗೆ ಮುಟ್ಟುವ ಮತ್ತು ಮಾತನಾಡುವ ಹಕ್ಕು ಮೊದಲೇ ದೊರೆಯುತ್ತದೆ. ಹೊರಹಾಕುವ ಹಕ್ಕು, ಬಹಿಷ್ಕರಿಸುವ ಹಕ್ಕು, ಸರ್ವರನ್ನೇ ನಿಲ್ಲಿಸುವ ಹಕ್ಕು ಬೇರೆ ಬೇರೆ. ಅಧಿಕಾರದ ವಿಭಜನೆಯೆಂದು ರಾಜ್ಯಶಾಸ್ತ್ರದ ಪುಸ್ತಕದಲ್ಲಿ ನಾವು ಓದುವುದು ಇಲ್ಲಿ ಕೈಯಿಂದ ಮಾಡುವ ಕೆಲಸವಾಗುತ್ತದೆ.

ಕಳೆದ ಒಂದು ವರ್ಷದಿಂದ ವಿದ್ಯಾರ್ಥಿನಿಲಯದ ಹತ್ತು ಹನ್ನೆರಡು ಸ್ನೇಹಿತರಿಗಾಗಿ ಒಂದು ಹಳೆಯ ಗಣಕದಲ್ಲಿ ಲುವಾಂಟಿಯ ಸರ್ವರನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಒಂದು ಸಂಜೆ ಒಬ್ಬನು ಆಟದಲ್ಲಿ ಕಟ್ಟಿದ ಮನೆಯ ಗೋಡೆ ಉರುಳಿತ್ತು. ಮೊದಲ ವರ್ಷದ ಹುಡುಗನೊಬ್ಬನೇ ಇದನ್ನು ಮಾಡಿದನೆಂದು ಎಲ್ಲರೂ ತೀರ್ಮಾನಿಸಿ, ಅವನನ್ನು ಹೊರಹಾಕೆಂದು ನನ್ನನ್ನು ಒತ್ತಾಯಿಸಿದರು. ಯಾರು ಯಾವ ಇಟ್ಟಿಗೆಯನ್ನು ಮುಟ್ಟಿದರೆಂಬ ದಾಖಲೆಯನ್ನು ತೆಗೆದು ನೋಡಿದಾಗ ಆ ಹುಡುಗನ ಹೆಸರೇ ಅದರಲ್ಲಿರಲಿಲ್ಲ. ಆಪಾದಿಸಿದವರಲ್ಲಿಯೇ ಒಬ್ಬನ ಹೆಸರಿತ್ತು. ನಗೆಯಲ್ಲಿ ವಿಷಯ ಮುಗಿಯಿತು. ಆದರೆ ದಾಖಲೆಯಿಲ್ಲದ ಊರಿನಲ್ಲಿ ಬಹುಮತವೇ ತೀರ್ಪಾಗುತ್ತದೆ, ಆ ತೀರ್ಪು ಯಾವಾಗಲೂ ಚಿಕ್ಕವನ ಮೇಲೆಯೇ ಬೀಳುತ್ತದೆ ಎಂಬುದು ಆ ದಿನ ಎಲ್ಲರಿಗೂ ತಿಳಿಯಿತು. ಕೆರೆಯ ತೂಬಿನ ಬಳಿ ನಿಂತ ನೀರಗಂಟಿ ತನ್ನ ಹೊಲಕ್ಕೂ ಸರದಿಯ ಪ್ರಕಾರವೇ ನೀರು ಬಿಡಬೇಕಲ್ಲವೆ? ಪಾಲಕನ ಧರ್ಮವೂ ಅದೇ.

ಈ ವಿದ್ಯೆ ಧರ್ಮವನ್ನು ಬಿಟ್ಟರೆ ಏನಾಗುತ್ತದೆಂಬುದಕ್ಕೂ ಉದಾಹರಣೆಯುಂಟು. 2016ರಲ್ಲಿ ಅಮೆರಿಕದ ಮೂವರು ತರುಣರು 'ಮಿರಾಯ್' ಎಂಬ ಕ್ರಮವಿಧಿಯನ್ನು ರಚಿಸಿದರು. ಕಾರ್ಖಾನೆಯಲ್ಲಿ ಇಟ್ಟ ಗುಪ್ತಪದವನ್ನು ಬದಲಾಯಿಸದೆ ಬಿಟ್ಟ ಕ್ಯಾಮೆರಾಗಳು, ರೂಟರುಗಳು ಲಕ್ಷಗಟ್ಟಲೆ ಅವರ ವಶವಾದವು. ಅವೆಲ್ಲವನ್ನೂ ಏಕಕಾಲಕ್ಕೆ ಒಂದು ಸರ್ವರಿನ ಮೇಲೆ ನುಗ್ಗಿಸಿ ಅದನ್ನು ಮಲಗಿಸಬಹುದಾಗಿತ್ತು. ಮೈನ್‌ಕ್ರಾಫ್ಟ್ ಸರ್ವರುಗಳ ವ್ಯಾಪಾರದಲ್ಲಿನ ಪೈಪೋಟಿ ಇದರ ಹಿಂದಿತ್ತು. ಅವರು ಬಹಿರಂಗಪಡಿಸಿದ ಆ ಬರವಣಿಗೆ ಬೇರೆಯವರ ಕೈಸೇರಿ, ಅದೇ ವರ್ಷ ಅಕ್ಟೋಬರ್ 21ರಂದು ಅಮೆರಿಕದಲ್ಲಿ ಅನೇಕ ಪ್ರಸಿದ್ಧ ಜಾಲತಾಣಗಳು ಗಂಟೆಗಟ್ಟಲೆ ಸಿಕ್ಕದಂತಾದವು. 2017ರ ಡಿಸೆಂಬರಿನಲ್ಲಿ ಆ ಮೂವರು ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರು. ಬುದ್ಧಿಯಲ್ಲಿ ಅವರು ಕಡಮೆಯಿರಲಿಲ್ಲ. ಕಡಮೆಯಿದ್ದುದು ಬೇರೆಯೇ ಒಂದು.

ಎಚ್ಚರಿಕೆಯ ಬೆಲೆಯನ್ನು ತೋರಿಸುವ ಸಂಗತಿ 2021ರ ಡಿಸೆಂಬರಿನದು. ಲಾಗ್ ಬರೆಯಲು ಅನೇಕ ಸರ್ವರುಗಳು ಬಳಸುತ್ತಿದ್ದ ಒಂದು ಉಪಕರಣದಲ್ಲಿ ದೋಷ ಕಂಡುಬಂತು. ಆಟದ ನಡುವೆ ಯಾರೋ ಬರೆದ ಒಂದು ಸಾಲಿನ ಹರಟೆಯಿಂದಲೇ ಮೈನ್‌ಕ್ರಾಫ್ಟ್ ಸರ್ವರನ್ನು ವಶಪಡಿಸಿಕೊಳ್ಳಲು ಸಾಧ್ಯವಿತ್ತು. ಡಿಸೆಂಬರ್ 10ರಂದೇ ತಿದ್ದಿದ ಆವೃತ್ತಿ ಹೊರಬಂತು. ಆ ರಾತ್ರಿಯೇ ಎದ್ದು ಕುಳಿತು ಹೊಸ ಆವೃತ್ತಿಯನ್ನು ಹಾಕಿದ ಪಾಲಕರಿಗೆ ಯಾರೂ ಹಾರ ಹಾಕಲಿಲ್ಲ. ಅವರ ಆಟಗಾರರು ಮರುದಿನ ಎಂದಿನಂತೆ ಆಡಿದರು, ಅಷ್ಟೆ.

ಆಟವೆಂದರೆ ಜೂಜೆಂದು ಹಿರಿಯರು ಶಂಕಿಸಬಹುದು. ಹಣವನ್ನು ಒಡ್ಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ 2025ರಲ್ಲಿ ನಮ್ಮ ಸಂಸತ್ತು ಅಂಗೀಕರಿಸಿದ ಕಾಯಿದೆಯೇ, ಹಣವಿಲ್ಲದ ಸಾಮಾಜಿಕ ಆಟಗಳನ್ನು ಬೇರೆಯಾಗಿ ಗುರುತಿಸಿದೆ. ಬಾಡಿಗೆ ಕೊಟ್ಟರೆ ಗುಂಡಿ ಒತ್ತಿ ಸರ್ವರ್ ನಡೆಸುವ ಸೌಕರ್ಯವಿದೆಯಲ್ಲ ಎಂದು ಇನ್ನು ಕೆಲವರು ಕೇಳಬಹುದು. ಇದೆ. ಆದರೆ ಗುಂಡಿ ಮಾಡಿದವನು ಬಿಟ್ಟಷ್ಟೇ ದಾರಿ ಅಲ್ಲಿ ತೆರೆದಿರುತ್ತದೆ. ಒಳಗೆ ಏನು ನಡೆಯಿತೆಂದು ತಿಳಿಯುವುದಿಲ್ಲ. ತಿಂಗಳ ಬಾಡಿಗೆಯೂ ತಪ್ಪುವುದಿಲ್ಲ. ಕಾಲ ವ್ಯಯವಾಗುವುದೆಂಬ ಆಕ್ಷೇಪವನ್ನು ಮಾತ್ರ ನಾನು ಒಪ್ಪುತ್ತೇನೆ. ಪರೀಕ್ಷೆಯ ತಿಂಗಳಲ್ಲಿ ಸರ್ವರನ್ನು ನಿಲ್ಲಿಸುವ ಅಧಿಕಾರವೂ ಪಾಲಕನದೇ ಅಲ್ಲವೆ?

ಆದುದರಿಂದ ಪೂಜ್ಯ ಪ್ರಾಂಶುಪಾಲರಲ್ಲಿಯೂ ಅಧ್ಯಾಪಕ ವರ್ಗದಲ್ಲಿಯೂ ಒಂದು ವಿಜ್ಞಾಪನೆ. ಗಣಕದ ಕೊಠಡಿಯಲ್ಲಿರುವ ಒಂದು ಹಳೆಯ ಯಂತ್ರವನ್ನು ನಮಗೆ ಕೊಡಿಸಬೇಕು. ಲಿನಕ್ಸಿಗೂ ಲುವಾಂಟಿಗೂ ಕಾಸು ಕೊಡಬೇಕಾಗಿಲ್ಲ. ಕಾಲೇಜಿನೊಳಗಿನ ಜಾಲವೊಂದೇ ಸಾಕು, ಹೊರಗಿನ ಸಂಪರ್ಕವೂ ಬೇಡ. ವಾರಕ್ಕೆ ಎರಡು ಸಂಜೆ, ಒಬ್ಬ ಅಧ್ಯಾಪಕರ ಅಧ್ಯಕ್ಷತೆಯಲ್ಲಿ, ವಿದ್ಯಾರ್ಥಿಗಳೇ ನಿಯಮಗಳನ್ನು ಬರೆದು, ತಿಂಗಳಿಗೊಬ್ಬರಂತೆ ಸರದಿಯ ಮೇಲೆ ಪಾಲಕರಾಗಲಿ. ಸಹೋದರಿಯರಿಗೂ ಸಮನಾದ ಸರದಿ ಇರಲಿ. ಹಕ್ಕುಗಳನ್ನು ಹಂಚುವುದು, ದಾಖಲೆಯನ್ನು ಓದಿ ತೀರ್ಪು ಹೇಳುವುದು, ತಿಂಗಳು ಮುಗಿದಾಗ ಗುಪ್ತಪದವನ್ನು ಮುಂದಿನವರಿಗೆ ಒಪ್ಪಿಸಿ ಕೆಳಗಿಳಿಯುವುದು ಇವೆಲ್ಲ ಅಲ್ಲಿ ಅಭ್ಯಾಸವಾಗುತ್ತವೆ. ನಾಳೆ ನಮ್ಮಲ್ಲಿ ಕೆಲವರು ಪಂಚಾಯಿತಿಯ ಕಚೇರಿಯಲ್ಲಿ, ಕೆಲವರು ಶಾಲೆಯಲ್ಲಿ, ಕೆಲವರು ಸಹಕಾರ ಸಂಘದಲ್ಲಿ ಕುಳಿತು ಇತರರ ಲೆಕ್ಕವನ್ನು ಇಡುವವರಾಗುತ್ತೇವೆ. ಅಂದು ಬೇಕಾಗುವ ಗುಣಗಳನ್ನು ಇಂದು ತಪ್ಪಿದರೂ ಯಾರ ಬದುಕೂ ಮುಳುಗದ ಜಾಗದಲ್ಲಿ ಕಲಿಯುವುದು ಲೇಸು.