ಮನೆಯ ಗಣಕಕ್ಕೊಂದು ಬಾಗಿಲ ಸಂಖ್ಯೆ

1940ನೆಯ ಇಸವಿಯ ಸೆಪ್ಟೆಂಬರ್ 11ರಂದು ಅಮೆರಿಕದ ಹ್ಯಾನೋವರ್ ಎಂಬ ಸಣ್ಣ ಊರಿನಲ್ಲಿ ಗಣಿತಜ್ಞರ ಸಭೆಯೊಂದು ನೆರೆದಿತ್ತು. ಬೆಲ್ ಪ್ರಯೋಗಶಾಲೆಯ ಜಾರ್ಜ್ ಸ್ಟಿಬಿಟ್ಸ್ ಎಂಬ ವಿಜ್ಞಾನಿಗಳು ಅಲ್ಲಿ ಒಂದು ಟೆಲಿಟೈಪ್ ಯಂತ್ರವನ್ನಿರಿಸಿ, ತಮಗೆ ಬೇಕಾದ ಲೆಕ್ಕಗಳನ್ನು ಅದರಲ್ಲಿ ಅಚ್ಚಿಸಿ ನೋಡುವಂತೆ ಸಭಿಕರನ್ನು ಆಹ್ವಾನಿಸಿದರು. ಲೆಕ್ಕವನ್ನು ಮಾಡಿದ ಯಂತ್ರವು ಆ ಸಭಾಂಗಣದಲ್ಲಿರಲಿಲ್ಲ. ಅದು 350 ಕಿಲೋಮೀಟರಿಗೂ ಮಿಗಿಲಾದ ದೂರದಲ್ಲಿ, ನ್ಯೂಯಾರ್ಕ್ ನಗರದಲ್ಲಿತ್ತು. ಪ್ರಶ್ನೆಯು ತಂತಿಯ ಮೇಲೆ ಹೋಯಿತು. ಉತ್ತರವು ಅದೇ ತಂತಿಯ ಮೇಲೆ ಮರಳಿ ಬಂದಿತು.

ಕೈ ಒಂದು ಊರಿನಲ್ಲಿದ್ದು ಯಂತ್ರವು ಇನ್ನೊಂದು ಊರಿನಲ್ಲಿರುವ ಏರ್ಪಾಡು ಹೀಗೆ ಬಹುಮಟ್ಟಿಗೆ ಗಣಕಯಂತ್ರದಷ್ಟೇ ಹಳೆಯದು. ಹೀಗಿದ್ದೂ, 80 ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ, ಕಾಲೇಜಿನ ಹಾಸ್ಟೆಲಿನಲ್ಲಿ ಕುಳಿತ ವಿದ್ಯಾರ್ಥಿಗೆ ತನ್ನ ಮನೆಯ ಗಣಕವನ್ನು ಮುಟ್ಟಲು ಸಾಧ್ಯವಾಗದಿರುವುದೇಕೆ? ತಂತಿಗಳಿಗೇನೂ ಕೊರತೆಯಿಲ್ಲ, ವೇಗಕ್ಕೂ ಬರವಿಲ್ಲ. ಅಡ್ಡಿಯಾಗಿರುವುದು ಗೋಡೆಗಳು. ಅವು ಎರಡು. ನಾವು ದೂಷಿಸುತ್ತಿರುವುದು ಮೊದಲನೆಯದನ್ನು, ದೂಷಿಸಬೇಕಾದದ್ದು ಎರಡನೆಯದನ್ನು ಎಂಬುದು ನನ್ನ ಅಭಿಪ್ರಾಯ.

ಈ ವಿಷಯವು ನನ್ನ ಗಮನಕ್ಕೆ ಬಂದದ್ದು ನನ್ನ ಸೋದರಳಿಯನ ದೆಸೆಯಿಂದ. ಅವನ ಮನೆ ಮಲೆನಾಡಿನಲ್ಲಿದೆ. ಮೂರು ಮಳೆಗಾಲಗಳಲ್ಲಿ ತೋಟದ ಕೆರೆಯ ದಡದಲ್ಲಿ ಕುಳಿತು ಅವನು ಕಪ್ಪೆಗಳ ಕೂಗನ್ನು ಧ್ವನಿಮುದ್ರಿಸಿಕೊಂಡಿದ್ದಾನೆ. ಆ ಮುದ್ರಿಕೆಗಳ ರಾಶಿಯೂ, ಅವುಗಳಿಂದ ಒಂದೊಂದು ಜಾತಿಯ ದನಿಯನ್ನು ಬೇರ್ಪಡಿಸುವ ದೊಡ್ಡ ಗಣಕವೂ ಮನೆಯಲ್ಲಿವೆ. ಅವನು ಮಾತ್ರ ಒಂದು ಹಗುರವಾದ ಲ್ಯಾಪ್‌ಟಾಪಿನೊಡನೆ ನಗರದ ಹಾಸ್ಟೆಲಿನಲ್ಲಿದ್ದಾನೆ. ಪದವಿಗಾಗಿ ಒಪ್ಪಿಸಬೇಕಾದ ಪ್ರಬಂಧವು ಆ ರಾಶಿಯನ್ನೇ ನಂಬಿಕೊಂಡಿದೆ. ಹಾಸ್ಟೆಲಿನಿಂದ ಮನೆಯ ಗಣಕವನ್ನು ಕರೆದಾಗ ಉತ್ತರ ಬರಲಿಲ್ಲ. ಕಾಲೇಜಿನವರ ನಿರ್ಬಂಧವೇ ಇದಕ್ಕೆ ಕಾರಣವೆಂದು ಅವನು ಸಿಟ್ಟಾದನು; ನಾನೂ ಹಾಗೆಯೇ ಎಣಿಸಿದೆನು. ಆದರೆ ಕಾಲೇಜಿನ ಜಾಲವನ್ನು ಬಿಟ್ಟು, ತನ್ನ ಮೊಬೈಲಿನ ಮೂಲಕ ಕರೆದಾಗಲೂ ಮನೆಯ ಗಣಕವು ಮೌನವಾಗಿಯೇ ಇದ್ದಿತು. ಗೋಡೆ ಒಂದಲ್ಲ, ಎರಡು ಎಂಬುದು ತಿಳಿದದ್ದು ಆಗ.

ಮೊದಲನೆಯ ಗೋಡೆಯ ಸ್ವರೂಪವನ್ನು ನೋಡೋಣ. ಜಾಲಕ್ಕೆ ಸೇರಿದ ಪ್ರತಿಯೊಂದು ಗಣಕಕ್ಕೂ ಒಂದು ವಿಳಾಸವಿರುವುದಲ್ಲದೆ, ಆ ವಿಳಾಸದಲ್ಲಿ ಪೋರ್ಟ್ ಎಂಬ ಹೆಸರಿನ 65,536 ಕಿಂಡಿಗಳಿವೆ. ಒಂದೊಂದು ಬಗೆಯ ವ್ಯವಹಾರಕ್ಕೆ ಒಂದೊಂದು ಕಿಂಡಿ ರೂಢಿಯಾಗಿದೆ. ಜಾಲತಾಣಗಳನ್ನು ಓದುವುದು 80 ಮತ್ತು 443ನೆಯ ಕಿಂಡಿಗಳಿಂದ. ದೂರದ ಗಣಕಕ್ಕೆ ಅಪ್ಪಣೆಗಳನ್ನು ಕಳುಹಿಸುವುದು 22ನೆಯ ಕಿಂಡಿಯಿಂದ. ಈ ಕೊನೆಯ ವ್ಯವಹಾರಕ್ಕೆ ಎಸ್‌ಎಸ್‌ಎಚ್ ಎಂದು ಹೆಸರು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಗುಪ್ತಪದಗಳನ್ನು ಕದ್ದು ಕೇಳುತ್ತಿದ್ದುದು ಬೆಳಕಿಗೆ ಬಂದಿತು. ಅಲ್ಲಿಯ ತಾತು ಯುಲೋನೆನ್ ಎಂಬುವರು ಅದರಿಂದ ಪ್ರೇರಿತರಾಗಿ, ಕದ್ದು ಕೇಳಿದರೂ ಅರ್ಥವಾಗದಂತೆ ಮಾತುಕತೆಯನ್ನೆಲ್ಲ ಗೂಢಲಿಪಿಗೆ ತಿರುಗಿಸುವ ಈ ಕ್ರಮವನ್ನು ರಚಿಸಿದರು. ಅದಕ್ಕೆ ಮೊದಲು ಬಳಕೆಯಲ್ಲಿದ್ದ ಟೆಲ್‌ನೆಟ್ ಎಂಬ ಕ್ರಮದಲ್ಲಿ ಗುಪ್ತಪದವೂ ಬಯಲಿನಲ್ಲಿಯೇ ಹೋಗುತ್ತಿದ್ದಿತು. ಅಂಚೆ ಕಾರ್ಡಿನಲ್ಲಿ ಪೆಟ್ಟಿಗೆಯ ಬೀಗದ ಗುಟ್ಟನ್ನು ಬರೆದಂತೆ.

ಸಂಸ್ಥೆಗಳ ಮುಂಬಾಗಿಲಿನಲ್ಲಿ ನಿಂತಿರುವ ಫೈರ್‌ವಾಲ್ ಎಂಬ ಕಾವಲುಯಂತ್ರವು ಒಳಗಿನವರು ಯಾವ ಯಾವ ಕಿಂಡಿಗಳಿಂದ ಹೊರಕ್ಕೆ ಮಾತನಾಡಬಹುದೆಂಬುದನ್ನು ಗೊತ್ತುಪಡಿಸುತ್ತದೆ. ಅನೇಕ ಕಡೆಗಳಲ್ಲಿ 80 ಮತ್ತು 443ರ ಹೊರತು ಮಿಕ್ಕವೆಲ್ಲ ಬಂದ್.

ಇನ್ನು ಎರಡನೆಯ ಗೋಡೆ. ಇದರ ವಿಚಾರವನ್ನು ಕೊಂಚ ವಿಸ್ತಾರವಾಗಿ ಹೇಳಬೇಕಾಗಿದೆ. ಏಕೆಂದರೆ ಇದು ಕಣ್ಣಿಗೆ ಬೀಳುವುದಿಲ್ಲ. ಐಪಿವಿ4 ಎಂಬ ಹಳೆಯ ಪದ್ಧತಿಯಲ್ಲಿ ವಿಳಾಸವೆಂದರೆ 32 ಬಿಟ್‌ಗಳ ಒಂದು ಸಂಖ್ಯೆ. ಇಂಥ ಸಂಖ್ಯೆಗಳು ಒಟ್ಟಿನಲ್ಲಿ ಸುಮಾರು 430 ಕೋಟಿ ಮಾತ್ರ. ಭೂಮಿಯ ಮೇಲಿನ ಜನರಿಗೆ ತಲೆಗೊಂದರಂತೆಯೂ ಸಾಲವು. ಜಾಗತಿಕ ಭಂಡಾರದಲ್ಲಿ ಉಳಿದಿದ್ದ ಕೊನೆಯ ಕಂತುಗಳು 2011ರ ಫೆಬ್ರವರಿ 3ರಂದು ಹಂಚಿಹೋದುವು. ಈ ಅಭಾವವನ್ನು ಮೊದಲೇ ಊಹಿಸಿದ್ದ ತಜ್ಞರು 1994ರಲ್ಲಿ ಒಂದು ಉಪಾಯವನ್ನು ಸೂಚಿಸಿದ್ದರು. ನಮ್ಮ ಹಳೆಯ ಮೈಸೂರು, ಬೆಂಗಳೂರುಗಳ ವಠಾರವನ್ನು ಕಂಡವರಿಗೆ ಅದನ್ನು ವಿವರಿಸುವುದು ಕಷ್ಟವಲ್ಲ. ವಠಾರದಲ್ಲಿ ಹತ್ತು ಸಂಸಾರಗಳಿದ್ದರೂ ಬೀದಿಗೆ ಇರುವುದು ಒಂದೇ ಬಾಗಿಲ ಸಂಖ್ಯೆ. ಒಳಗಿನವರು ಹೊರಕ್ಕೆ ಬರೆದ ಕಾಗದಗಳಿಗೆ ಉತ್ತರ ಬಂದಾಗ, ಯಾವ ಮನೆಯಿಂದ ಯಾವ ಕಾಗದ ಹೋಗಿತ್ತೆಂದು ಬಾಗಿಲಲ್ಲಿ ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಂಡಿದ್ದವನು ಅದನ್ನು ಸರಿಯಾದ ಮನೆಗೆ ಮುಟ್ಟಿಸುತ್ತಾನೆ. ಆದರೆ ಯಾರೂ ಬರೆಯದೆ ಹೊರಗಿನಿಂದ ತಾನಾಗಿ ಬಂದ ಕಾಗದವನ್ನು ಯಾರಿಗೆ ಕೊಡಬೇಕು? ಪುಸ್ತಕದಲ್ಲಿ ಗುರುತಿಲ್ಲ, ಅವನು ಅದನ್ನು ಎಸೆದುಬಿಡುತ್ತಾನೆ. ನಮ್ಮ ಮನೆಗಳಲ್ಲಿರುವ ರೂಟರ್ ಎಂಬ ಪೆಟ್ಟಿಗೆಯ ಕೆಲಸ ಇದೇ.

ಇಷ್ಟಕ್ಕೇ ನಿಂತಿದ್ದರೆ ತೊಂದರೆಯಿರಲಿಲ್ಲ. ಏಕೆಂದರೆ ಮನೆಯ ಪುಸ್ತಕವು ಮನೆಯೊಡೆಯನ ಕೈಯಲ್ಲಿರುತ್ತದೆ. "ಇಂಥ ಕಿಂಡಿಗೆ ಬಂದದ್ದನ್ನು ಇಂಥ ಗಣಕಕ್ಕೆ ಕೊಡು" ಎಂದು ಅವನು ಅದರಲ್ಲಿ ಒಂದು ಸಾಲು ಬರೆದಿಟ್ಟರೆ ಮುಗಿಯಿತು. ಆದರೆ ವಿಳಾಸಗಳ ಬರ ಹೆಚ್ಚಿದಂತೆ ಅಂತರ್ಜಾಲವನ್ನು ಒದಗಿಸುವ ಕಂಪೆನಿಗಳು ವಠಾರಗಳನ್ನೆಲ್ಲ ಒಟ್ಟುಗೂಡಿಸಿ ವಠಾರಗಳದೇ ಒಂದು ದೊಡ್ಡ ವಠಾರವನ್ನು ಕಟ್ಟಿದುವು. ಇದಕ್ಕೆಂದೇ 2012ರ ಏಪ್ರಿಲಿನಲ್ಲಿ 100.64ರಿಂದ 100.127ರವರೆಗೆ ಆರಂಭವಾಗುವ ಸುಮಾರು 42 ಲಕ್ಷ ಒಳವಿಳಾಸಗಳನ್ನು ಮೀಸಲಿಡಲಾಯಿತು. ಈಗ ಒಂದು ಹೊರವಿಳಾಸದ ಹಿಂದೆ ನೂರಾರು ಮನೆಗಳು ಇರಬಹುದು. ಗುರುತಿನ ಪುಸ್ತಕವಿರುವುದು ಕಂಪೆನಿಯ ಕೈಯಲ್ಲಿ. ಅದರಲ್ಲಿ ಒಂದು ಸಾಲು ಬರೆಯುವ ಅಧಿಕಾರವೂ ಮನೆಯೊಡೆಯನಿಗಿಲ್ಲ. ನನ್ನ ಸೋದರಳಿಯನ ಮನೆಯಲ್ಲಿ ಆದದ್ದು ಇದು. ಅವನ ಗಣಕವು ಕೆಟ್ಟಿರಲಿಲ್ಲ, ನಿದ್ರಿಸುತ್ತಲೂ ಇರಲಿಲ್ಲ. ಲೋಕದ ದೃಷ್ಟಿಯಲ್ಲಿ ಅದಕ್ಕೆ ವಿಳಾಸವೇ ಇರಲಿಲ್ಲ.

ಜಾಣರು ಇದಕ್ಕೂ ದಾರಿ ಹುಡುಕಿದ್ದಾರೆ. ಒಳಗಿನಿಂದ ಹೊರಕ್ಕೆ ಹೋಗಲು ಅಡ್ಡಿಯಿಲ್ಲವಷ್ಟೆ? ಮನೆಯ ಗಣಕವು ತಾನೇ ಹೊರಟು, ನಿಜವಾದ ವಿಳಾಸವುಳ್ಳ ಮೂರನೆಯ ಯಂತ್ರವೊಂದನ್ನು ಮುಟ್ಟಿ ಅಲ್ಲಿ ಕಾಯುತ್ತದೆ. ಹಾಸ್ಟೆಲಿನ ಗಣಕವೂ ಅಲ್ಲಿಗೇ ಹೋಗುತ್ತದೆ. ಒಬ್ಬರ ಮನೆಗೆ ಒಬ್ಬರು ಹೋಗಲಾರದ ನೆಂಟರು ಊರ ಮುಂದಿನ ಅರಳಿಕಟ್ಟೆಯಲ್ಲಿ ಸಂಧಿಸಿದ ಹಾಗೆ, ಎರಡೂ ಅಲ್ಲಿ ಕೈ ಕೂಡಿಸುತ್ತವೆ. ಆ ಮೂರನೆಯ ಯಂತ್ರವನ್ನು ನಾವೇ ಬಾಡಿಗೆಗೆ ಹಿಡಿಯಬಹುದು. ಇಲ್ಲವೆ ಈ ಸೇವೆಯನ್ನೇ ವ್ಯಾಪಾರವಾಗಿ ನಡೆಸುವ ಸಂಸ್ಥೆಗಳ ಕಟ್ಟೆಯನ್ನು ಆಶ್ರಯಿಸಬಹುದು. ಬಹುಪಾಲು ಜನ ಹಿಡಿಯುವುದು ಎರಡನೆಯ ದಾರಿಯನ್ನು. ಅದು ಸುಲಭ, ಆದರೆ ಮನೆಯ ಕೀಲಿಕೈ ಪರರ ಕಟ್ಟೆಯ ಮೇಲೆ ಇರುತ್ತದೆ. ಅಂಥ ಒಂದು ಸಂಸ್ಥೆಯಾದ ಎನಿಡೆಸ್ಕ್, ತನ್ನ ಯಂತ್ರಗಳಿಗೆ ಕನ್ನ ಬಿದ್ದಿದೆಯೆಂದು 2024ರ ಫೆಬ್ರವರಿಯಲ್ಲಿ ತಾನೇ ಪ್ರಕಟಿಸಿ, ಗುಪ್ತಪದಗಳನ್ನು ಬದಲಾಯಿಸಿಕೊಳ್ಳುವಂತೆ ಗ್ರಾಹಕರಿಗೆ ಸಲಹೆ ಮಾಡಬೇಕಾಯಿತು.

ಮೊದಲನೆಯ ಗೋಡೆಗೂ ಉಪಾಯವುಂಟು. ಎಸ್‌ಎಸ್‌ಎಚ್ ಮಾತುಕತೆಯನ್ನು 22ರ ಬದಲು ತೆರೆದಿರುವ 443ನೆಯ ಕಿಂಡಿಯಿಂದ ಕಳುಹಿಸುವುದು. ಕಾವಲುಯಂತ್ರವು ಬುದ್ಧಿವಂತವಾಗಿದ್ದರೆ ಇದನ್ನು ಹಿಡಿದುಬಿಡುತ್ತದೆ. ಎಸ್‌ಎಸ್‌ಎಚ್ ಮಾತು ಆರಂಭಿಸುವಾಗ ತನ್ನ ಹೆಸರನ್ನು ಬಯಲಾಗಿಯೇ ಹೇಳಿಕೊಳ್ಳುವುದು ಅದರ ಪದ್ಧತಿ. ಆಗ ಅದಕ್ಕೆ ಜಾಲತಾಣದ ವೇಷ ತೊಡಿಸುವ ಮೇಲುಪಾಯಗಳೂ ಇವೆ. ಸಾಧ್ಯವೇ ಎಂದು ಕೇಳಿದರೆ ಸಾಧ್ಯ. ಅನುಮತಿಯಿಲ್ಲದೆ ಹೀಗೆ ಮಾಡಬಾರದೆಂಬುದು ನನ್ನ ನಿಲುವು. ತರುಣ ಮಿತ್ರರು ಇದನ್ನು ಮುದುಕರ ಭೀತಿಯೆಂದು ನಕ್ಕರೂ ಚಿಂತೆಯಿಲ್ಲ.

ಕಾರಣವಿಷ್ಟೆ. ಸುರಂಗವನ್ನು ಒಳಗಿನಿಂದ ಹೊರಕ್ಕೆ ತೋಡಿದರೂ ಅದರಲ್ಲಿ ಎರಡು ಕಡೆಗೂ ನಡೆಯಬಹುದು. ಮನೆಯ ಗಣಕದಲ್ಲಿ ರೋಗವಿದ್ದರೆ ಅದು ಅದೇ ದಾರಿಯಲ್ಲಿ ಸಂಸ್ಥೆಯ ಒಳಕ್ಕೆ ಬರುತ್ತದೆ. 2017ರ ಮೇ 12ರಂದು ಹಬ್ಬಿದ ವಾನಾಕ್ರೈ ಎಂಬ ಪಿಡುಗು ಬ್ರಿಟನ್ನಿನ ಆಸ್ಪತ್ರೆಗಳ ಕೆಲಸವನ್ನು ನಿಲ್ಲಿಸಿದುದನ್ನು ವಾಚಕರು ಮರೆತಿರಲಾರರು. ಅದು ಗಣಕದಿಂದ ಗಣಕಕ್ಕೆ ದಾಟಿದುದು 445ನೆಯ ಕಿಂಡಿಯೊಂದರಿಂದಲೇ. ಇನ್ನೂ ಹತ್ತಿರದ ದೃಷ್ಟಾಂತವೆಂದರೆ ಲಾಸ್ಟ್‌ಪಾಸ್ ಸಂಸ್ಥೆಯದು. ಜನರ ಗುಪ್ತಪದಗಳನ್ನು ಕಾಯುವುದೇ ಆ ಸಂಸ್ಥೆಯ ಕಸಬು. 2022ರಲ್ಲಿ ಅದರ ಭಂಡಾರಕ್ಕೆ ಕಳ್ಳರು ಕೈಹಾಕಿದುದು ನೌಕರರೊಬ್ಬರ ಮನೆಯ ಗಣಕದ ಮೂಲಕ. ಆ ಗಣಕದಲ್ಲಿದ್ದ ಸಂಗೀತ, ಚಲನಚಿತ್ರಗಳ ತಂತ್ರಾಂಶವೊಂದರ ದೋಷವೇ ಅವರಿಗೆ ಮೆಟ್ಟಿಲಾಯಿತು. ಹೀಗಿರುವಲ್ಲಿ ಬ್ಯಾಂಕಿನವರೋ ಆಸ್ಪತ್ರೆಯವರೋ ಕಾಲೇಜಿನವರೋ ಗೋಡೆ ಕಟ್ಟಿದರೆ ಅದನ್ನು ದಬ್ಬಾಳಿಕೆಯೆನ್ನಲಾಗದು. ಆದರೆ ಗೋಡೆ ಕಟ್ಟಿದವರಿಗೂ ಒಂದು ಕರ್ತವ್ಯವಿದೆ. ಏನು ನಿಷಿದ್ಧ, ಏಕೆ ನಿಷಿದ್ಧ, ನ್ಯಾಯವಾದ ಅಗತ್ಯವುಳ್ಳವನು ಯಾರನ್ನು ಕೇಳಬೇಕು ಎಂಬುದನ್ನು ಅವರು ಬರೆದು ತಿಳಿಸಬೇಕು. ಕೇಳುವ ಬಾಗಿಲೇ ಇಲ್ಲದ ಕಡೆ ಸುರಂಗ ತೋಡುವವರು ಹುಟ್ಟುತ್ತಾರೆ. ಅವರ ಸುರಂಗಗಳ ನಕ್ಷೆಯು ಕಾವಲಿನವರ ಬಳಿ ಇರುವುದಿಲ್ಲ.

ಎರಡನೆಯ ಗೋಡೆಗೆ ಇಂಥ ಸಮರ್ಥನೆ ಯಾವುದೂ ಇಲ್ಲ. ಅದು ಯಾರನ್ನೋ ಕಾಯಲೆಂದು ಕಟ್ಟಿದ್ದಲ್ಲ, ಬರದಿಂದ ಕಟ್ಟಿದ್ದು. ಆ ಬರಕ್ಕೆ ಪರಿಹಾರವಾದ ಐಪಿವಿ6 ಎಂಬ ಪದ್ಧತಿಯನ್ನು 1998ರ ಡಿಸೆಂಬರಿನಲ್ಲಿಯೇ ಪ್ರಕಟಿಸಲಾಗಿತ್ತು. ಅದರ ವಿಳಾಸವು 128 ಬಿಟ್‌ಗಳದು. ವಿಳಾಸಗಳ ಒಟ್ಟು ಮೊತ್ತವನ್ನು ಬರೆಯಬೇಕಾದರೆ 34ರ ಮುಂದೆ 37 ಸೊನ್ನೆಗಳನ್ನಿಡಬೇಕು. ಮನೆಗೊಂದಲ್ಲ, ಮನೆಯ ಒಂದೊಂದು ದೀಪಕ್ಕೂ ವಿಳಾಸ ಕೊಟ್ಟು ಮುಗಿಯದು. 2016ರಲ್ಲಿ ಹೊಸ ಮೊಬೈಲ್ ಜಾಲಗಳು ಬಂದಂದಿನಿಂದ ಭಾರತವು ಈ ಪದ್ಧತಿಯ ಬಳಕೆಯಲ್ಲಿ ಜಗತ್ತಿನ ಮುಂಚೂಣಿಯ ದೇಶಗಳ ಸಾಲಿಗೆ ಸೇರಿರುವುದು ಸಂತೋಷದ ಸಂಗತಿ. ಆದರೆ ಮನೆಗಳಿಗೆ ತಂತಿಯೆಳೆಯುವ ಎಲ್ಲ ಕಂಪೆನಿಗಳೂ ಇದನ್ನು ಒದಗಿಸುತ್ತಿಲ್ಲ. ಒದಗಿಸಿದವರಲ್ಲಿಯೂ ಕೆಲವರು ಕೊಡುವ ರೂಟರಿನಲ್ಲಿ, ಒಳಬರುವ ಮಾತಿಗೆ ಕಿಂಡಿ ತೆರೆಯುವ ಅವಕಾಶವನ್ನೇ ಮನೆಯೊಡೆಯನಿಗೆ ಬಿಟ್ಟಿರುವುದಿಲ್ಲ. ಕಿಂಡಿಯು ಮೊದಲಿಗೆ ಮುಚ್ಚಿರಲಿ, ಅದು ವಿವೇಕ. ತೆರೆಯುವ ಕೈ ಮಾತ್ರ ಮನೆಯವನದಾಗಿರಬೇಕು. ಇತ್ತ ಅನೇಕ ಸಂಸ್ಥೆಗಳ ಒಳಜಾಲಗಳು ಹಳೆಯ ಪದ್ಧತಿಯಲ್ಲಿಯೇ ಉಳಿದಿರುವುದರಿಂದ, ಮನೆಗೆ ಹೊಸ ವಿಳಾಸ ಬಂದರೂ ಅಲ್ಲಿಂದ ಅದನ್ನು ಕರೆಯುವಂತಿಲ್ಲ. ಹಳೆಯ ಪದ್ಧತಿಯ ಸ್ವಂತ ವಿಳಾಸ ಬೇಕೆಂದರೆ ತಿಂಗಳು ತಿಂಗಳೂ ಬೇರೆ ಶುಲ್ಕ.

ವಠಾರದ ಕೇಡು ಮನೆಯವನಿಗೆ ಮಾತ್ರವೂ ಅಲ್ಲ. ಒಂದೇ ವಿಳಾಸದ ಹಿಂದೆ ನೂರಾರು ಮಂದಿಯಿದ್ದರೆ ಅಪರಾಧಿಯನ್ನು ಪತ್ತೆ ಹಚ್ಚುವುದು ಕಷ್ಟವೆಂದೂ, ನಿರಪರಾಧಿಗಳ ಮೇಲೆ ಅನುಮಾನ ಬೀಳಬಹುದೆಂದೂ ಯುರೋಪಿನ ಪೊಲೀಸ್ ಸಂಸ್ಥೆಯಾದ ಯೂರೋಪೋಲ್ 2017ರಲ್ಲಿಯೇ ಆಕ್ಷೇಪಿಸಿದೆ. ಮನೆಯ ಸಂಪರ್ಕಕ್ಕೆ ಹಣ ಪಡೆಯುವ ಯಾವ ಕಂಪೆನಿಯೇ ಆಗಲಿ, ಹೊರಗಿನಿಂದ ಕರೆಯಬಹುದಾದ ಒಂದು ಐಪಿವಿ6 ವಿಳಾಸವನ್ನು ಪ್ರತ್ಯೇಕ ಶುಲ್ಕವಿಲ್ಲದೆ ಕೊಡತಕ್ಕದ್ದೆಂದು ಸರ್ಕಾರವು ವಿಧಿಸಬೇಕು.

ವಿಳಾಸ ದೊರೆತವನು ಬೀಗವನ್ನೂ ಹಾಕಬೇಕೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲವಾದರೂ ಒಂದೆರಡು ಮಾತು. ಗಣಕದ ತೆರೆಯನ್ನೇ ದೂರಕ್ಕೆ ತೋರಿಸುವ ವಿಂಡೋಸ್ ಏರ್ಪಾಡಿನ 3389ನೆಯ ಕಿಂಡಿಯನ್ನು ನೇರವಾಗಿ ಲೋಕಕ್ಕೆ ತೆರೆದಿಡಕೂಡದು; 2019ರ ಮೇ ತಿಂಗಳಲ್ಲಿ ಬಯಲಾದ ಬ್ಲೂಕೀಪ್ ಎಂಬ ದೋಷದಲ್ಲಿ ಗುಪ್ತಪದದ ಹಂಗಿಲ್ಲದೆಯೇ ಒಳನುಗ್ಗಲು ಅವಕಾಶವಿತ್ತು. ಎಸ್‌ಎಸ್‌ಎಚ್‌ನಲ್ಲಿ ಗುಪ್ತಪದದ ಬದಲು ಗೂಢಲಿಪಿಯ ಕೀಲಿಯನ್ನು ಬಳಸುವುದು ಕ್ಷೇಮ. ಇಷ್ಟೆಲ್ಲ ಮಾಡಿದ ಮೇಲೂ ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೋದರೆ ಗಣಕವು ಮಲಗುವುದು ಸಹಜ. ಅದು ಬಂದೊಡನೆ ತಾನಾಗಿ ಏಳುವಂತೆ ಗಣಕದ ಮೂಲ ಏರ್ಪಾಡಿನಲ್ಲಿಯೇ ಹೊಂದಿಸಿಡಬಹುದು. ಮಲಗಿದ ಗಣಕವನ್ನು ಮನೆಯ ರೂಟರಿನಿಂದ ಎಬ್ಬಿಸುವ 102 ಬೈಟ್‌ಗಳ ಸಣ್ಣದೊಂದು ಸಂದೇಶವೂ ಉಂಟು: ಮೊದಲು ಆರು ಸಲ 255, ಬಳಿಕ ಆ ಗಣಕದ ಯಂತ್ರಸಂಖ್ಯೆ ಹದಿನಾರು ಸಲ. ಕುಂಭಕರ್ಣನನ್ನು ಎಬ್ಬಿಸಿದವರಿಗೆ ಇಷ್ಟು ಸುಲಭವಾಗಿರಲಿಲ್ಲ.

ನನ್ನ ಸೋದರಳಿಯನು ವೇಷದ ಉಪಾಯವನ್ನು ಬಿಟ್ಟು, ನನ್ನ ಒತ್ತಾಯಕ್ಕೆ, ಕಾಲೇಜಿನ ಗಣಕ ವಿಭಾಗಕ್ಕೆ ಒಂದು ಪುಟದ ಅರ್ಜಿಯನ್ನು ಬರೆದನು: ಯಾವ ಗಣಕ, ಯಾವ ಕಿಂಡಿ, ಯಾವ ಕೆಲಸ, ಎಷ್ಟು ತಿಂಗಳು. ನಾಲ್ಕನೆಯ ದಿನ ಅವರು ಅವನನ್ನು ಕರೆಸಿ, ಕಪ್ಪೆಗಳ ಕೂಗನ್ನು ಕೇಳಿಸಿಕೊಂಡು, ಅವನ ಲ್ಯಾಪ್‌ಟಾಪಿಗೆ ಮಾತ್ರ 22ನೆಯ ಕಿಂಡಿಯನ್ನು ಪರೀಕ್ಷೆಗಳು ಮುಗಿಯುವವರೆಗೆ ತೆರೆದುಕೊಟ್ಟರು. ಮನೆಗೆ ತಂತಿಯೆಳೆದ ಕಂಪೆನಿಗೂ ಅದೇ ದಿನ ಒಂದು ಅರ್ಜಿ ಹೋಗಿತ್ತು. ಐಪಿವಿ6 ಆ ಊರಿಗೆ ಇನ್ನೂ ಬಂದಿಲ್ಲವೆಂದೂ, ಸ್ವಂತ ವಿಳಾಸ ಬೇಕಾದರೆ ವ್ಯಾಪಾರ ಸಂಸ್ಥೆಗಳ ದರದ ಯೋಜನೆಗೆ ಬದಲಾಯಿಸಿಕೊಳ್ಳಬೇಕೆಂದೂ ಅಲ್ಲಿಂದ ಉತ್ತರ ಬಂದಿದೆ. ಸದ್ಯಕ್ಕೆ ಅವನು ಬಾಡಿಗೆಯ ಅರಳಿಕಟ್ಟೆಯೊಂದನ್ನು ಹಿಡಿದು ಕೆಲಸ ಮುಂದುವರಿಸಿದ್ದಾನೆ.