ನಡಿಗೆಯೂ ನಿತ್ಯನೇಮವಾಗಲಿ

ಸೊಂಟದ ಬೊಜ್ಜು, ಏರಿದ ರಕ್ತದೊತ್ತಡ, ಏರಿದ ಸಕ್ಕರೆ, ಹೆಚ್ಚಿದ ಟ್ರೈಗ್ಲಿಸರೈಡ್, ತಗ್ಗಿದ ಒಳ್ಳೆಯ ಕೊಲೆಸ್ಟರಾಲ್: ಈ ಐದರಲ್ಲಿ ಮೂರು ಕೂಡಿದರೆ ಅದೇ ಮೆಟಬಾಲಿಕ್ ಸಿಂಡ್ರೋಮ್. ಮಧುಮೇಹ, ಹೃದ್ರೋಗಗಳಿಗೆ ಅದು ದಾರಿ.

2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಬಳಿಕ ನಮ್ಮ ಸೀಮೆಯ ಎಷ್ಟೋ ಹೊಲಗಳು ಬಡಾವಣೆಗಳಾದವು. ಹೊಲದ ದುಡಿಮೆ ನಿಂತರೂ ಊಟದ ಅಳತೆ ತಗ್ಗಲಿಲ್ಲ.

ವೈದ್ಯರ ಮಾತಿನಂತೆ ನಡಿಗೆ ಆರಂಭಿಸಿದ ಅನೇಕರು ಕೆಲವೇ ದಿನಗಳಲ್ಲಿ ಬಿಟ್ಟುಬಿಡುತ್ತಾರೆ. ದಿನಚರಿಯಲ್ಲಿ ಅದಕ್ಕೆ ನೆಲೆಯಿಲ್ಲದಿರುವುದೇ ಕಾರಣವೆಂದು ನಮ್ಮ ಅಭಿಪ್ರಾಯ. ಇಷ್ಟಲಿಂಗ ಪೂಜೆಯನ್ನು ತಪ್ಪಿಸದ ಸದ್ಭಕ್ತರಾದ ನಾವು ಅದರ ಬೆನ್ನಿಗೇ ಅರ್ಧ ಗಂಟೆಯ ಬಿರುಸು ನಡಿಗೆಯನ್ನೂ ಸೇರಿಸಿಕೊಳ್ಳೋಣ. ವಾರಕ್ಕೆ ಐದು ದಿನ ನಡೆದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ 150 ನಿಮಿಷ ತುಂಬುತ್ತದೆ. ಮೊದಲ ವಾರ ಹತ್ತು ನಿಮಿಷ ಸಾಕು; ನೆರೆಯವರೊಬ್ಬರು ಜೊತೆಗಿರಲಿ. ಒಂದು ದಿನ ತಪ್ಪಿದರೆ ಮರುದಿನ ಮುಂದುವರಿಸೋಣ. ಮಧುಮೇಹದ ಔಷಧ ಸೇವಿಸುವವರು, ಎದೆನೋವಿರುವವರು ವೈದ್ಯರನ್ನು ಕೇಳಿಯೇ ತೊಡಗಬೇಕು.

ಕಾಯಕಕ್ಕೆ ಕಾಯ ಬೇಕು. ಅದನ್ನು ಕಾಪಾಡಿಕೊಳ್ಳುವುದೂ ಕಾಯಕವೇ.