ತಲೆ ನನ್ನದು, ಕುಲುಕಾಟ ಅವರದು

ಕಳೆದ ದೀಪಾವಳಿಗೆ ಪುಣೆಯ ಅಕ್ಕನ ಮನೆಯಲ್ಲಿದ್ದಾಗ ಅವಳ ಮಗ ತನ್ನ ಹೊಸ ಆಟ ತೋರಿಸಿದ. ಕೈಗೆ ಕಂಟ್ರೋಲರ್ ಕೊಟ್ಟು ಸೋಫಾದ ಮೇಲೆ ಕೂರಿಸಿದ. ಪರದೆಯ ತುಂಬ ಕಾಡು, ಕೆಳಗೆ ನನ್ನವೇ ಎಂದುಕೊಳ್ಳಬೇಕಾದ ಎರಡು ಕೈಗಳು. ನಡೆಯತೊಡಗಿದೆ. ಒಂದೊಂದು ಹೆಜ್ಜೆಗೂ ಇಡೀ ಕಾಡು ಮೇಲೆ ಕೆಳಗೆ ಕುಲುಕಿತು. ತಿರುಗಿದರೆ ಮರಗಳೆಲ್ಲ ಕಲಸಿ ಮಸುಕಾದವು. ಹನ್ನೆರಡನೇ ನಿಮಿಷಕ್ಕೆ ನಾನು ಬಚ್ಚಲುಮನೆಯ ಬಾಗಿಲು ಹಾಕಿಕೊಂಡಿದ್ದೆ. ಹಬ್ಬದ ಚಕ್ಕುಲಿಯ ಗತಿ ಏನಾಯಿತು ಎಂದು ಹೇಳುವುದು ಬೇಡ.

"ಚಿಕ್ಕಮ್ಮ, ನಾಲ್ಕು ದಿನ ಆಡಿದ್ರೆ ಅಭ್ಯಾಸ ಆಗತ್ತೆ ಬಿಡು" ಅಂದ ಹೊರಗಿನಿಂದ. ಅವನಿಗೆ ಹದಿನಾಲ್ಕು ವರ್ಷ, ಅವನ ಮೇಲೆ ನನಗೆ ಸಿಟ್ಟಿಲ್ಲ. ಇದೇ ಮಾತನ್ನು ಆಟ ತಯಾರಿಸುವವರ ಬಾಯಲ್ಲಿ ಕೇಳಿದಾಗ ಬರುವ ಸಿಟ್ಟು ಬೇರೆ. ಅದರ ಬಗ್ಗೆಯೇ ಈ ಬರಹ.

ವಾಕರಿಕೆ ನನಗೆ ಹೊಸತಲ್ಲ. ತೀರ್ಥಹಳ್ಳಿಯಿಂದ ಉಡುಪಿ ಕಡೆಗೆ ಹೋಗುವ ಬಸ್ಸಿನಲ್ಲಿ ನಿಂಬೆಹಣ್ಣು ಮೂಸುತ್ತಾ ಆಗುಂಬೆ ಘಾಟಿಯ 14 ತಿರುವು ಇಳಿದವಳು ನಾನು. ಆ ಬಸ್ಸಿನಲ್ಲಿ ಯಾವತ್ತೂ ಹೊಟ್ಟೆ ತೊಳಸದೇ ಇದ್ದದ್ದು ಡ್ರೈವರಿಗೆ. ಸ್ಟೀರಿಂಗ್ ಹಿಡಿದವರ ಮೈಗೆ ಮುಂದಿನ ತಿರುವು ಮೊದಲೇ ಗೊತ್ತಿರುತ್ತದೆ. ಕಿಟಕಿ ಪಕ್ಕದ ನಮಗೆ ತಿರುವು ಬಂದ ಮೇಲೆ ಗೊತ್ತಾಗುತ್ತದೆ. ಈ ಡ್ರೈವರನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತಾರೆ.

ಒಳಕಿವಿಯಲ್ಲಿ ಮೂರು ಅರ್ಧವೃತ್ತದ ನಾಳಗಳಿವೆ. ತಲೆ ಯಾವ ಕಡೆ ಎಷ್ಟು ತಿರುಗಿತು ಎಂದು ಅವು ಅಳೆಯುತ್ತವೆ. ಪಕ್ಕದಲ್ಲೇ ಇರುವ ಎರಡು ಪುಟ್ಟ ಚೀಲಗಳು ಮುಂದೆ ಹಿಂದೆ, ಮೇಲೆ ಕೆಳಗೆ ಹೋದದ್ದನ್ನೂ ನೆಲ ಯಾವ ಕಡೆಗಿದೆ ಎಂಬುದನ್ನೂ ತಿಳಿಸುತ್ತವೆ. ಬಸ್ಸಿನಲ್ಲಿ ಪುಸ್ತಕ ಓದುವಾಗ ಕಿವಿ "ಹೋಗುತ್ತಿದ್ದೇವೆ" ಎನ್ನುತ್ತದೆ, ಕಣ್ಣು "ಇಲ್ಲೇ ಇದ್ದೇವೆ" ಎನ್ನುತ್ತದೆ. ಆಟದಲ್ಲಿ ಇದೇ ಜಗಳ ತಿರುಗಿಕೊಳ್ಳುತ್ತದೆ. ಮುಂಬಯಿಯವರಿಗೆ ವಿವರಿಸಬೇಕಿಲ್ಲ: ದಾದರಿನಲ್ಲಿ ನಿಮ್ಮ ಲೋಕಲ್ ನಿಂತಿದೆ, ಪಕ್ಕದ ಹಳಿಯ ಗಾಡಿ ಹೊರಟಿತು, ಒಂದು ಕ್ಷಣ ನಿಮ್ಮದೇ ಹಿಂದಕ್ಕೆ ಜಾರಿದಂತೆ ಅನಿಸಿತು. ಆ ಒಂದು ಕ್ಷಣವನ್ನು ಎರಡು ಗಂಟೆಗೆ ಎಳೆಯಿರಿ. ನಡುನಡುವೆ ಯಾರೋ ಬಂದೂಕು ಹಾರಿಸಲಿ.

ಇದು ದುರ್ಬಲರ ಕಾಯಿಲೆ ಎಂಬ ಮಾತು ಆಟಗಾರರ ನಡುವೆ ಬಹಳ ಓಡಾಡುತ್ತದೆ. ಅಂಥವರಿಗೆ ನಾನು ಹೇಳುವ ಕತೆಯೊಂದಿದೆ. 1950ರ ದಶಕದ ಕೊನೆಯಲ್ಲಿ ನಾಸಾ ಮತ್ತು ಅಮೆರಿಕದ ನೌಕಾಪಡೆಯ ಸಂಶೋಧಕರು ಗ್ಯಾಲೊಡೆಟ್ ಕಾಲೇಜಿನಿಂದ 11 ಮಂದಿ ಕಿವುಡ ಗಂಡಸರನ್ನು ಪ್ರಯೋಗಕ್ಕೆ ಆರಿಸಿದರು. ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಮೆನಿಂಜೈಟಿಸ್ ಬಂದು ಕಿವಿ ಕಳೆದುಕೊಂಡವರು. ಕೇಳುವ ಶಕ್ತಿಯ ಜೊತೆಗೆ ಒಳಕಿವಿಯ ತೋಲನವೂ ಹೋಗಿತ್ತು. ಅವರನ್ನು ಕೆನಡಾದ ನೋವಾ ಸ್ಕೋಷಾ ಬಳಿ ಅಬ್ಬರದ ಸಮುದ್ರದಲ್ಲಿ ಹಡಗು ಹತ್ತಿಸಿದರು. ಅವರು ಆರಾಮಾಗಿ ಇಸ್ಪೀಟು ಆಡುತ್ತಾ ಕೂತರು. ವಾಂತಿ ಮಾಡಿಕೊಂಡವರು ಸಂಶೋಧಕರು. ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ಅಂದರೆ, ಒಳಕಿವಿ ಸರಿಯಾಗಿ ಕೆಲಸ ಮಾಡುವವರಿಗೇ ಹೊಟ್ಟೆ ತೊಳಸುವುದು. ಇದನ್ನು 'ಸಿಕ್‌ನೆಸ್' ಎಂದು ಕರೆದ ಇಂಗ್ಲಿಷ್ ಎಡವಿದೆ. (ಇಂಗ್ಲಿಷಿನ 'ನಾಸಿಯಾ' ಶಬ್ದದ ಬೇರು ಗ್ರೀಕಿನ ಹಡಗು. ಅದಾದರೂ ತಪ್ಪನ್ನು ವಾಹನದ ಮೇಲೆ ಹಾಕುತ್ತದೆ.)

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಹೆಜ್ಜೆ ಹಾಕಿದಂತೆ ದೃಶ್ಯ ಕುಲುಕುವುದಕ್ಕೆ ಆಟದವರು 'ಹೆಡ್ ಬಾಬ್' ಎನ್ನುತ್ತಾರೆ. ಯಾಕಪ್ಪಾ ಇದು ಎಂದರೆ ಸಿದ್ಧ ಉತ್ತರ: ನೈಜತೆ. ಮನುಷ್ಯ ನಡೆಯುವಾಗ ತಲೆ ಮೇಲೆ ಕೆಳಗೆ ಆಗುತ್ತದಲ್ಲ?

ಆಗುತ್ತದೆ. ಜಗತ್ತು ಮೇಲೆ ಕೆಳಗೆ ಆಗುವುದಿಲ್ಲ. ಈ ಪತ್ರವನ್ನು ಫೋನಿನಲ್ಲಿ ಓದುತ್ತಿದ್ದರೆ ಈಗಲೇ ನೋಡಿ. ಫೋನನ್ನು ಅಲುಗಿಸದೆ ತಲೆಯನ್ನು "ಇಲ್ಲ ಇಲ್ಲ" ಎನ್ನುವಂತೆ ಬೇಗ ಬೇಗ ಆಡಿಸಿ. ಅಕ್ಷರ ಓದಲು ಬರುತ್ತದೆ. ಈಗ ತಲೆ ಹಾಗೇ ಇರಲಿ, ಫೋನನ್ನು ಅಷ್ಟೇ ಬೇಗ ಅಲುಗಿಸಿ. ಓದಲಾಗುವುದಿಲ್ಲ. ಮೊದಲನೆಯದರಲ್ಲಿ ನಿಮ್ಮ ಒಳಕಿವಿ ತಲೆಯ ಚಲನೆಯನ್ನು ಅಳೆದು, ಸುಮಾರು 10 ಮಿಲಿಸೆಕೆಂಡಿನಲ್ಲಿ, ಕಣ್ಣುಗುಡ್ಡೆಯನ್ನು ಅಷ್ಟೇ ಪ್ರಮಾಣದಲ್ಲಿ ವಿರುದ್ಧ ದಿಕ್ಕಿಗೆ ತಿರುಗಿಸುತ್ತಿತ್ತು. ನಾವು ಬೀದಿಯಲ್ಲಿ ನಡೆಯುತ್ತಾ ಅಂಗಡಿಯ ಬೋರ್ಡು ಓದುವುದು ಈ ಏರ್ಪಾಡಿನಿಂದ. ಹೆಡ್ ಬಾಬ್ ಇರುವ ಆಟ ಎರಡನೆಯದನ್ನು ಮಾಡುತ್ತದೆ: ತಲೆ ಸೋಫಾದ ಮೇಲೆ ತಣ್ಣಗಿದೆ, ಅಲುಗುತ್ತಿರುವುದು ಚಿತ್ರ. ಹಾಗಾಗಿ ಅದು ತೋರಿಸುವುದು ನಡೆಯುವ ಮನುಷ್ಯನ ನೋಟವಲ್ಲ. ಹೆಗಲ ಮೇಲೆ ಕ್ಯಾಮೆರಾ ಇಟ್ಟುಕೊಂಡು ಓಡುವವನು ತೆಗೆದ ವಿಡಿಯೋ ಅದು. ಸಿನಿಮಾದಿಂದ ತಂದ ಒಂದು ಶೈಲಿಗೆ ನಿಜ ಎಂಬ ಚೀಟಿ ಅಂಟಿಸಿ ನಮ್ಮ ಹೊಟ್ಟೆಗೆ ಬಿಲ್ಲು ಕಳಿಸುತ್ತಿದ್ದಾರೆ.

ಆಗುಂಬೆಯ ಡ್ರೈವರು ಈಗ ಬೇಕು. ಆಟದಲ್ಲಿ ಸ್ಟೀರಿಂಗ್ ನನ್ನ ಕೈಯಲ್ಲೇ ಇದೆ. ಎಡಕ್ಕೆ ಎಂದರೆ ಎಡಕ್ಕೆ ಹೋಗುತ್ತದೆ. ಅಷ್ಟರ ಮಟ್ಟಿಗೆ, ಪಕ್ಕದಲ್ಲಿ ಕೂತು ನೋಡುವವರಿಗಿಂತ ಆಡುವವರು ಮೇಲು. ಆದರೆ ಕುಲುಕು ಎಂದು ನನ್ನ ಹೆಬ್ಬೆರಳು ಯಾವತ್ತೂ ಹೇಳಿಲ್ಲ. ಸ್ಫೋಟವಾದಾಗ ಅದುರು, ತಿರುಗುವಾಗ ಮಸುಕಾಗು ಎಂದೂ ಹೇಳಿಲ್ಲ. ಡ್ರೈವರನ್ನು ಕೂರಿಸಿ ಇನ್ನೊಂದು ಸ್ಟೀರಿಂಗನ್ನು ಕಂಪನಿ ಹಿಡಿದುಕೊಂಡಿದೆ.

ನೋಟದ ಅಗಲದ್ದು ಇದರ ಪಕ್ಕದ ಕತೆ. ಎರಡು ಕಣ್ಣು ಸೇರಿ ನಮಗೆ ಅಡ್ಡಕ್ಕೆ 180 ಡಿಗ್ರಿಗೂ ಹೆಚ್ಚು ಕಾಣುತ್ತದೆ. ಎಷ್ಟೋ ಆಟಗಳು ಅರವತ್ತು ಎಪ್ಪತ್ತು ಡಿಗ್ರಿಯಷ್ಟನ್ನು ಮಾತ್ರ ತೋರಿಸುತ್ತವೆ. ದೂರದ ಟಿವಿಗೆ ಅದು ನಡೆದೀತು. ಕಡಿಮೆ ತೋರಿಸಿದರೆ ಯಂತ್ರಕ್ಕೆ ಚಿತ್ರ ಬಿಡಿಸುವ ಕೆಲಸವೂ ಕಡಿಮೆ. ಅದೇ ಆಟವನ್ನು ಮೇಜಿನ ಮೇಲಿನ ಮಾನಿಟರಿನಲ್ಲಿ ಮೂಗಿನ ಹತ್ತಿರ ಇಟ್ಟುಕೊಂಡರೆ ಕೊಳವೆಯಲ್ಲಿ ಕಣ್ಣಿಟ್ಟು ಓಡಿದ ಹಾಗೆ. ಒಂದು ಸ್ಲೈಡರ್ ಕೊಟ್ಟರೆ ಮುಗಿಯಿತು. ಕಾಲ್ ಆಫ್ ಡ್ಯೂಟಿ ಸರಣಿಯಲ್ಲಿ ಪಿಸಿಯವರಿಗೆ ಎಂದೋ ಸಿಕ್ಕಿದ್ದ ಈ ಸ್ಲೈಡರ್ ಕನ್ಸೋಲಿನವರಿಗೆ ಸಿಕ್ಕಿದ್ದು 2020ರ ಬ್ಲ್ಯಾಕ್ ಆಪ್ಸ್ ಕೋಲ್ಡ್ ವಾರ್‌ನಲ್ಲಿ.

ಗೊತ್ತಿರಲಿಲ್ಲ ಎನ್ನುವಂತಿಲ್ಲ. 2008ರ ಮಿರರ್ಸ್ ಎಡ್ಜ್‌ನಲ್ಲಿ ಮಹಡಿಯಿಂದ ಮಹಡಿಗೆ ಹಾರುವುದೇ ಆಟ. ವಾಕರಿಕೆ ಕಡಿಮೆಯಾಗಲಿ ಎಂದು ಪರದೆಯ ನಟ್ಟನಡುವೆ ಒಂದು ಚುಕ್ಕಿ ಇಟ್ಟರು, ಕಣ್ಣಿಗೆ ಹಿಡಿದುಕೊಳ್ಳಲು. ಮೈನ್‌ಕ್ರಾಫ್ಟ್‌ನಲ್ಲಿ ಕುಲುಕಾಟ ಆರಿಸಲು ಒಂದು ಗುಂಡಿಯಿದೆ. 2020ರ ದಿ ಲಾಸ್ಟ್ ಆಫ್ ಅಸ್ ಎರಡನೇ ಭಾಗದಲ್ಲಿ ಕ್ಯಾಮೆರಾ ಅದುರುವುದನ್ನೂ ಚಿತ್ರ ಮಸುಕಾಗುವುದನ್ನೂ ಇಳಿಸಬಹುದು. ಆಟದಾಚೆಗೂ ಉದಾಹರಣೆ ಇದೆ. 2013ರಲ್ಲಿ ಐಫೋನಿನ ಐಓಎಸ್ 7 ಬಂದಾಗ ಜೂಮ್ ಆಗುವ ಪರದೆಗಳಿಂದ ತಲೆ ಸುತ್ತುತ್ತದೆ ಎಂದು ಜನ ದೂರಿದರು. ಇಂದು ಆ ಚಲನೆಗಳನ್ನು ತಗ್ಗಿಸುವ ಸ್ವಿಚ್ ಫೋನಿನ ಸೆಟ್ಟಿಂಗ್ಸ್‌ನಲ್ಲೇ ಇದೆ.

ಅಭ್ಯಾಸವಾಗುತ್ತದೆ ಎಂಬುದು ಪೂರ್ತಿ ಸುಳ್ಳಲ್ಲ, ಕೆಲವರಿಗೆ ಆಗುತ್ತದೆ. ಆದರೆ ಸಾವಿರಾರು ರೂಪಾಯಿ ಕೊಟ್ಟು ಕೊಂಡ ಮನರಂಜನೆಗೆ ವಾರಗಟ್ಟಲೆ ಓಕರಿಸಿ ಅರ್ಹತೆ ಗಳಿಸಬೇಕೇ? ಭಯದ ಆಟಕ್ಕೆ ಅದುರುವ ಕ್ಯಾಮೆರಾ ಬೇಕು, ಅದು ಕಲಾವಿದರ ಆಯ್ಕೆ ಎನ್ನುವವರಿದ್ದಾರೆ. ಈ ವಾದಕ್ಕೆ ನಾನು ತಲೆಬಾಗುತ್ತೇನೆ, ಅನುವಾದಕಿಯಾಗಿ ಮೂಲದವರ ಆಯ್ಕೆಯನ್ನು ಗೌರವಿಸುವುದೇ ನನ್ನ ಕಸುಬು. ಅದುರಿಸಿಯೇ ಮಾರಿ. ಆರಿಸುವ ಸ್ವಿಚ್ ಒಳಗಿರಲಿ, ಮೊದಲ ದೃಶ್ಯ ಶುರುವಾಗುವ ಮುಂಚೆ ನನ್ನ ಕಣ್ಣಿಗೆ ಬೀಳಲಿ. ಸ್ವಿಚ್ ಮುಟ್ಟದವರ ಆಟದಲ್ಲಿ ಒಂದು ಎಲೆಯೂ ಬದಲಾಗುವುದಿಲ್ಲ.

ದೀಪಾವಳಿ ಕಳೆದು ಎರಡು ತಿಂಗಳಿಗೆ ಇಂಥದೇ ಒಂದು ಆಟದ ಮೆನು ನನ್ನ ಮೇಜಿಗೆ ಬಂತು. ಹೆಸರು ಬೇಡ, ಚಿಕ್ಕ ಕಂಪನಿ, ದುಡ್ಡು ಸಮಯಕ್ಕೆ ಕೊಟ್ಟರು. ಎಕ್ಸೆಲ್ ಹಾಳೆಯಲ್ಲಿ ಇಂಗ್ಲಿಷ್ ಒಂದು ಕಾಲಂ, ಪಕ್ಕದಲ್ಲಿ ಕನ್ನಡಕ್ಕೆ ಖಾಲಿ ಕಾಲಂ. ಧ್ವನಿಗೆ ಹನ್ನೊಂದು ಸಾಲು, ಬಂದೂಕಿನ ಬಣ್ಣಕ್ಕೆ ಇಪ್ಪತ್ತಾರು. ಕ್ಯಾಮೆರಾ ಬಗ್ಗೆ ಒಂದೇ ಸಾಲು, ಅದೂ ಎಚ್ಚರಿಕೆ: ಕೆಲವು ಆಟಗಾರರಿಗೆ ಅಸ್ವಸ್ಥತೆ ಉಂಟಾಗಬಹುದು.

ಕನ್ನಡದಲ್ಲಿ "ನನಗೆ ತಲೆ ಸುತ್ತುತ್ತಿದೆ", "ನನಗೆ ವಾಕರಿಕೆ ಬರುತ್ತಿದೆ" ಎನ್ನುತ್ತೇವೆ. ಇಲ್ಲಿ ನಾನು ಕರ್ತೃ ಅಲ್ಲ. ನನಗೆ ಅದು ಬಂದದ್ದು. ಹಸಿವು, ನಿದ್ದೆ, ಸಿಟ್ಟು ಎಲ್ಲ ಈ ಚತುರ್ಥಿಯಲ್ಲೇ ಬರುತ್ತವೆ. ಎಂಎ ಓದುವಾಗ ಇದರ ಮೇಲೆ ಒಂದು ಸೆಮಿನಾರ್ ಪ್ರಬಂಧ ಬರೆದಿದ್ದೆ, ನಮ್ಮ ಭಾಷೆಗೆ ಮೈಯ ವಿಷಯ ಗೊತ್ತು ಎಂದು ಹೆಮ್ಮೆ ಪಟ್ಟಿದ್ದೆ. ಅದೇ ವಾಕ್ಯ ಕಂಪನಿಯ ಬಾಯಲ್ಲಿ ಬಂದಾಗ ಎಷ್ಟು ಅನುಕೂಲದ್ದು ಎಂದು ಅವತ್ತು ಕಂಡಿತು. ಆಟಗಾರರಿಗೆ ಉಂಟಾಗಬಹುದು, ಮಳೆ ಬಂದ ಹಾಗೆ. ಉಂಟುಮಾಡಿದವರು ವಾಕ್ಯದಲ್ಲಿ ಎಲ್ಲೂ ಇಲ್ಲ.

ಕುಲುಕಾಟ ಆರಿಸುವ ಸಾಲು ಬಿಟ್ಟುಹೋಗಿದೆಯೇ ಎಂದು ಮೇಲ್ ಮಾಡಿ ಕೇಳಿದೆ. ಆ ಆಯ್ಕೆ ಈ ಆಟದಲ್ಲಿಲ್ಲ, ಅನುಭವದ ತೀವ್ರತೆ ಕಡಿಮೆಯಾಗುತ್ತದೆ ಎಂದು ವಿನಯದಿಂದ ಉತ್ತರಿಸಿದರು. ಎಚ್ಚರಿಕೆಯನ್ನು "ಈ ಆಟದ ಕ್ಯಾಮೆರಾ ಚಲನೆ ಕೆಲವರಿಗೆ ವಾಕರಿಕೆ ತರಿಸುತ್ತದೆ" ಎಂದು ಅನುವಾದಿಸಿ ಕಳಿಸಿದೆ. "ಉಂಟಾಗಬಹುದು" ಎಂದು ತಿದ್ದಿ ವಾಪಸ್ಸು ಬಂತು.

ಕೊನೆಯ ಬಾರಿ ಹಾಳೆ ಕಳಿಸುವಾಗ ಕೆಳಗೆ ಮೂರು ಸಾಲು ಸೇರಿಸಿದೆ: ಹೆಜ್ಜೆಯ ಕುಲುಕಾಟ, ಕ್ಯಾಮೆರಾ ಅದುರು, ನೋಟದ ಅಗಲ. 'ಅದುರು' ಸರಿಯೋ 'ಅದುರಾಟ' ಸರಿಯೋ ಎಂದು ಅರ್ಧ ಗಂಟೆ ಯೋಚಿಸಿದ್ದೆ. ಹಳದಿ ಬಣ್ಣ ಹಚ್ಚಿ, ಈ ಮೂರಕ್ಕೆ ಬಿಲ್ಲು ಹಾಕಿಲ್ಲ, ಯಾವಾಗ ಬೇಕಾದರೂ ಬಳಸಿಕೊಳ್ಳಿ ಎಂದು ಬರೆದೆ. ಉತ್ತರ ಬಂದಿಲ್ಲ.